ಅದಿರು ತುಂಬಿದ ಗಾಡಿ ಘಾಟಿ ಇಳಿಸುವಾಗ ಗೇರು ಮೊದಲು, ಬ್ರೇಕು ಆಮೇಲೆ

ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ಹೊತ್ತು ಇಳಿಯುವ ಹತ್ತು ಚಕ್ರದ ಟಿಪ್ಪರ್ ಓಡಿಸುವುದು ನನ್ನ ಕೆಲಸ. ಹಿಂದಿನ ತೊಟ್ಟಿ ಅರ್ಧ ತುಂಬಿದಂತೆ ಕಂಡರೂ ತೂಕ ಪೂರ್ತಿ ಆಗಿರುತ್ತದೆ. ಇಂಥ ಮೂರು ಆಕ್ಸಲ್ಲಿನ (ಅಚ್ಚಿನ) ಗಾಡಿಗೆ ಲೋಡು ಸೇರಿ 28.5 ಟನ್‌ವರೆಗೆ 2018ರಿಂದ ಅನುಮತಿ ಇದೆ. ಇಷ್ಟು ತೂಕ 100 ಮೀಟರ್ ಎತ್ತರದಿಂದ ಇಳಿದು, ಆ ಶಕ್ತಿಯೆಲ್ಲ ಬ್ರೇಕಿನಲ್ಲೇ ಕಾವಾದರೆ, 100 ಲೀಟರಿನ ಹಂಡೆಯ ತಣ್ಣೀರು ಕುದಿಯುವ ಹತ್ತಿರಕ್ಕೆ ಬರುವಷ್ಟಾಗುತ್ತದೆ. ಅದನ್ನು ತಾಳಿಕೊಳ್ಳಬೇಕಾದವು ಚಕ್ರಗಳೊಳಗಿನ ಆರು ಬ್ರೇಕ್ ಡ್ರಮ್ಮುಗಳು. ಅದಕ್ಕೇ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವ ಕೆಲಸ ಎಂಜಿನ್ನಿನದು.

ಈ ಗಾಡಿಯ ಬ್ರೇಕು ನಡೆಯುವುದು ಗಾಳಿಯ ಒತ್ತಡದಿಂದ. ಇಳಿಯುವ ಮುಂಚೆ ಆ ಗಾಳಿ ತುಂಬಿಡುವ ಏರ್ ಟ್ಯಾಂಕುಗಳ ಕೆಳಗಿನ ವಾಲ್ವು ತೆರೆದು ನೀರು ಬಿಡುತ್ತೇನೆ. ಮೀಟರಿನ ಮುಳ್ಳು 7–8 ಬಾರ್‌ಗೆ ಏರಿದ ಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಪೆಡಲ್ಲನ್ನು ಒಂದು ನಿಮಿಷ ಒತ್ತಿ ಹಿಡಿಯುತ್ತೇನೆ. ಒತ್ತಿದಾಗ ಸ್ವಲ್ಪ ಇಳಿದ ಮುಳ್ಳು ಆಮೇಲೆ ಅಲ್ಲೇ ನಿಲ್ಲಬೇಕು. ಇಳಿಯುತ್ತಲೇ ಹೋದರೆ ಅಥವಾ ಎಲ್ಲಾದರೂ ಸುಸ್ ಅಂದರೆ ಗಾಡಿ ಹೊರಡಿಸುವುದಿಲ್ಲ.

ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು. ಅದೇ ಏರನ್ನು ಅದೇ ಲೋಡಿನಲ್ಲಿ ಯಾವ ಗೇರಿನಲ್ಲಿ ಹತ್ತುತ್ತದೋ ಅದರಲ್ಲೇ ಇಳಿಸಬೇಕೆಂದು ಹಳೆಯ ಡ್ರೈವರ್‌ಗಳು ಹೇಳುತ್ತಾರೆ. ಹೊಸ ಗಾಡಿಗಳ ಎಂಜಿನ್ನಿಗೆ ಎಳೆಯುವ ಬಲ ಜಾಸ್ತಿ, ಹಾಗಾಗಿ ನಾನು ಅದಕ್ಕಿಂತ ಒಂದು ಗೇರು ಕೆಳಗೇ ಇಡುತ್ತೇನೆ. ನಡು ಇಳಿಜಾರಿನಲ್ಲಿ ಗೇರು ಇಳಿಸಲು ಹೋದರೆ ಕ್ಲಚ್ ಒತ್ತಿದ ಕ್ಷಣದಿಂದಲೇ ಗಾಡಿ ವೇಗ ಹಿಡಿಯುತ್ತದೆ, ಕೆಳಗಿನ ಗೇರು ಕೂರುವುದಿಲ್ಲ, ಬಿಟ್ಟುಬಂದ ಗೇರೂ ವಾಪಸ್ ಸಿಗುವುದಿಲ್ಲ. ಆಮೇಲೆ ಉಳಿಯುವುದು ಬ್ರೇಕು ಒಂದೇ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದೂ ಇದೇ ಅಪಾಯ. ಅದರಿಂದ ಉಳಿಯುವುದೂ ಏನಿಲ್ಲ: ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತಾನು ತಿರುಗಲಿಕ್ಕೇ ಕುಡಿಯುತ್ತದೆ.

ಎಕ್ಸಾಸ್ಟ್ ಬ್ರೇಕ್ ಹೊಗೆ ಕೊಳವೆಯೊಳಗಿನ ಬಿಲ್ಲೆಯನ್ನು ಮುಚ್ಚಿ ಎಂಜಿನ್ನನ್ನು ಬಿಗಿಯುತ್ತದೆ. ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಹೆಚ್ಚಿದ್ದಷ್ಟೂ ಅದರ ಹಿಡಿತ ಹೆಚ್ಚು, ಆದರೆ ಮುಳ್ಳು ಕೆಂಪಿಗೆ ಹೋಗಬಾರದು. ಇಳಿಜಾರಿನಲ್ಲಿ ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ, ಡೀಸೆಲ್ ಕಡಿಮೆ ಮಾಡಿ ಎಂಜಿನ್ ವೇಗ ಮಿತಿಯಲ್ಲಿಡುವ ಗವರ್ನರ್ ಅದನ್ನು ತಡೆಯಲಾರದು. ಬ್ರೇಕು ಒತ್ತುವಾಗ ಅಭ್ಯಾಸಬಲದಿಂದ ಕ್ಲಚ್ಚನ್ನೂ ಒತ್ತುವವರು ಬಹಳ. ಕಾರಿನಿಂದ ಬಂದ ಚಾಳಿ ಅದು. ಒತ್ತಿದೊಡನೆ ಎಂಜಿನ್ ಹಿಡಿತವೂ ಎಕ್ಸಾಸ್ಟ್ ಬ್ರೇಕೂ ಎರಡೂ ಕಡಿದುಹೋಗುತ್ತವೆ. ಎಡಗಾಲು ನೆಲದ ಮೇಲಿರಲಿ.

ಇಷ್ಟಾದರೂ ವೇಗ ಏರಿದರೆ ಪೆಡಲ್ಲು. ಅದನ್ನು ಹಗುರಾಗಿ ಒತ್ತಿಕೊಂಡೇ ಇರಬಾರದು, ಪಟಪಟ ತುಳಿಯಲೂ ಬಾರದು. 30 ಕಿ.ಮೀ. ಮಿತಿ ಇಟ್ಟುಕೊಂಡಿದ್ದರೆ, ಮುಳ್ಳು ಅಲ್ಲಿ ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 22ಕ್ಕೆ ತಂದು ಪೂರ್ತಿ ಬಿಡುತ್ತೇನೆ. ಮತ್ತೆ 30 ಆಗುವ ತನಕ ಡ್ರಮ್ಮಿಗೆ ಗಾಳಿ ಸಿಗುತ್ತದೆ. ಒತ್ತಿಕೊಂಡೇ ಇದ್ದರೆ ಡ್ರಮ್ಮನ್ನು ಉಜ್ಜಿ ಹಿಡಿಯುವ ಲೈನರ್ ಕಾದು ಹಿಡಿತ ಬಿಡುತ್ತದೆ, ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಲೈನರಿಗೂ ಡ್ರಮ್ಮಿಗೂ ನಡುವಿನ ಸಂದು ಹೊಂದಿಸುವ ಸ್ಲಾಕ್ ಅಡ್ಜಸ್ಟರ್ ಮೊದಲೇ ಸಡಿಲವಿದ್ದರಂತೂ, ಗಾಳಿಯ ಒತ್ತಡದಿಂದ ಅದನ್ನು ತಳ್ಳುವ ರಾಡು ತನ್ನ ಕೊನೆ ಮುಟ್ಟಿ ನಿಲ್ಲುತ್ತದೆ: ಗಾಳಿ ಪೂರ್ತಿ ಇದೆ, ಪೆಡಲ್ಲು ಕೆಳಗಿದೆ, ಬ್ರೇಕಿಲ್ಲ. ಪಟಪಟ ತುಳಿದರೆ ಪ್ರತಿ ಸಲವೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಗಾಳಿ ತೀರಾ ಇಳಿದರೆ, ಗಾಳಿಯ ಒತ್ತಡವೇ ಬಿಡಿಸಿಟ್ಟಿರುವ ಹಿಂದಿನ ಸ್ಪ್ರಿಂಗ್ ಬ್ರೇಕು ತಾನಾಗಿಯೇ ಹಿಡಿಯುತ್ತದೆ, ತಿರುವಿನಲ್ಲಿ ಹಿಡಿದರೆ ಹಿಂಭಾಗ ಜಾರುತ್ತದೆ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಹಾಕಿದರೆ ಸೀಳುತ್ತದೆ.

ಮುಂಗಾರಿನ ಮೊದಲ ಮಳೆಗೆ ಡಾಂಬರಿನ ಮೇಲಿನ ಕೆಂಪು ಧೂಳು ಲೋಳೆಯಂತಾಗುತ್ತದೆ. ಎಕ್ಸಾಸ್ಟ್ ಬ್ರೇಕಿನ ಹಿಡಿತ ಎಂಜಿನ್ ತಿರುಗಿಸುವ ಹಿಂದಿನ ಚಕ್ರಗಳಿಗಷ್ಟೇ, ಹಾಗಾಗಿ ಅವು ಜಾರಿಬಿಡಬಹುದು, ಅದರಲ್ಲೂ ಖಾಲಿ ಗಾಡಿಯಲ್ಲಿ ಅವುಗಳ ಮೇಲೆ ತೂಕವಿಲ್ಲ. ಅಂಥ ದಿನ ಅದನ್ನು ಆಫ್ ಮಾಡಿ, ಇನ್ನೊಂದು ಗೇರು ಕೆಳಗಿಟ್ಟು ನಿಧಾನ ಇಳಿಸುತ್ತೇನೆ.

ಇಕ್ಕಟ್ಟಾದ ಕಡೆ ಎದುರು ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ತಗ್ಗಿಗೆ ಬಂದ ಮೇಲೆ ಎಂಜಿನ್ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ, ಆರೂ ಡ್ರಮ್ಮುಗಳ ಹತ್ತಿರ ಮುಟ್ಟದೆ ಅಂಗೈ ಹಿಡಿದು ನೋಡುತ್ತೇನೆ. ಐದು ಬಿಸಿಯಾಗಿ ಒಂದು ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡಿಲ್ಲ, ಮುಂದಿನ ಟ್ರಿಪ್ಪಿಗೆ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಬೇಕು.