ಸೆಟ್ ತುಂಬಿಸುವವರಿಗೆ ಪ್ಯಾರಲಲ್ ಕಾರ್ಡುಗಳ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಕುಳಿತು ಬೇಸ್‌ಬಾಲ್ ಕಾರ್ಡು ಕೂಡಿಸುತ್ತೇನೆ ಎಂದರೆ, ಕ್ರಿಕೆಟ್ ಬಿಟ್ಟು ಇದೆಲ್ಲಿಯ ಹುಚ್ಚು ಎಂದು ಜನ ಕೇಳುವುದು ಸಹಜ. ನನಗೆ ಅಂಚೆಚೀಟಿ ಸಂಗ್ರಹದ ಚಟ ಬಾಲ್ಯದಿಂದ ಇತ್ತು. ಅಕ್ಕನ ಮಗ ಅಮೆರಿಕದಿಂದ ಊರಿಗೆ ಬರುವಾಗ ತಂದುಕೊಟ್ಟ ಒಂದು ಬಾಕ್ಸಿನಿಂದ ಈ ಚಟವೂ ಅಂಟಿಕೊಂಡಿತು. ಆಟದ ನಿಯಮಗಳು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ಆದರೆ 1ರಿಂದ 330ರವರೆಗೆ ಒಂದೂ ಸಂಖ್ಯೆ ಬಿಡದಂತೆ ಜೋಡಿಸುವ ಸುಖಕ್ಕೆ ಆಟ ತಿಳಿದಿರಲೇಬೇಕೆಂದಿಲ್ಲ. ಈ ಬರಹ ಹಾಗೆ ಸೆಟ್ ತುಂಬಿಸಲು ಹೊರಟವರಿಗಾಗಿ, ಅದರಲ್ಲೂ ಪ್ಯಾಕಿನಿಂದ ಹೊರಬೀಳುವ ಬಣ್ಣಬಣ್ಣದ ಅಪರೂಪದ ಕಾರ್ಡುಗಳನ್ನು ಏನು ಮಾಡಬೇಕೆಂದು ತಿಳಿಯದೆ ಗೊಂದಲಕ್ಕೆ ಬಿದ್ದವರಿಗಾಗಿ.

ಮೊದಲು ಎರಡು ಮಾತುಗಳ ಅರ್ಥವನ್ನು ಬೇರ್ಪಡಿಸಿಕೊಳ್ಳಬೇಕು. ಪ್ಯಾಕಿನೊಳಗೆ ಸಾಮಾನ್ಯ ಕಾರ್ಡುಗಳ ನಡುವೆ ಸೇರಿಸಿರುವ, ಬೇರೆಯದೇ ವಿನ್ಯಾಸ ಮತ್ತು ಬೇರೆಯದೇ ಸಂಖ್ಯಾಕ್ರಮವುಳ್ಳ ಕಾರ್ಡು ಇನ್ಸರ್ಟ್. ಸಾಮಾನ್ಯ ಕಾರ್ಡಿನ ಚಿತ್ರ ಮತ್ತು ಸಂಖ್ಯೆಯನ್ನೇ ಹೊತ್ತು, ಅಂಚಿನ ಬಣ್ಣದಲ್ಲೋ ಹೊಳಪಿನ ಹಾಳೆಯಲ್ಲೋ ಕಾಗದದಲ್ಲೋ ಮಾತ್ರ ಬದಲಾದದ್ದು ಪ್ಯಾರಲಲ್. ಇನ್ಸರ್ಟ್ ಅನ್ನು ಬೇರೆ ಸೆಟ್ ಎಂದು ಪಕ್ಕಕ್ಕಿಟ್ಟರೆ ಮನಸ್ಸಿಗೆ ತೊಂದರೆಯಿಲ್ಲ. ಪ್ಯಾರಲಲ್ ಹಾಗಲ್ಲ; 57ನೆಯ ಸಂಖ್ಯೆಯ ಕಾರ್ಡು ನಿಮ್ಮ ಬಳಿ ಇದ್ದರೂ ಅದರ ಚಿನ್ನದ ಬಣ್ಣದ ಜೋಡಿ ಇಲ್ಲವಲ್ಲ ಎಂಬ ಕೊರತೆಯನ್ನು ಅದು ಹುಟ್ಟಿಸುತ್ತದೆ.

ಹಳೆಯ ಸಂಗ್ರಾಹಕರಿಗೆ ಈ ಕೊರತೆ ಇರಲಿಲ್ಲ. ಟಾಪ್ಸ್ ಎಂಬ ಅಮೆರಿಕದ ಕಾರ್ಡು ಕಂಪನಿಯ 1952ರ ಸೆಟ್ಟಿನಲ್ಲಿ 407 ಕಾರ್ಡುಗಳಿದ್ದವು. ಕೊನೆಯ ಭಾಗದ ಕಾರ್ಡುಗಳು, ಅದರಲ್ಲೂ ಆಟಗಾರ ಮಿಕಿ ಮ್ಯಾಂಟಲ್‌ನ 311ನೆಯ ಸಂಖ್ಯೆಯ ಕಾರ್ಡು, ಸಿಗುವುದು ಕಷ್ಟವಾಗಿದ್ದರೂ ಗುರಿ ಎಲ್ಲರಿಗೂ ಒಂದೇ ಆಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಕಂಪನಿಗಳು ಪೈಪೋಟಿಗೆ ಬಿದ್ದು ಲೆಕ್ಕವಿಲ್ಲದಷ್ಟು ಕಾರ್ಡು ಅಚ್ಚು ಹಾಕಿದವು, ಮಾರುಕಟ್ಟೆ ತುಂಬಿ ತುಳುಕಿತು, ಬೆಲೆ ನೆಲಕಚ್ಚಿತು. ಆ ಕಾಲದ ಸರಕನ್ನು ಅಮೆರಿಕದವರು ಇಂದಿಗೂ ಕಸವೆಂದೇ ಕರೆಯುತ್ತಾರೆ. ಬೇಕೆಂದೇ ಅಪರೂಪವನ್ನು ತಯಾರಿಸುವ ಉಪಾಯ ಬೇರೂರಿದ್ದು ಆ ಹೊತ್ತಿನಲ್ಲಿ. 1991ರಲ್ಲಿ ಕೊಲ್ಲಿ ಯುದ್ಧದ ಸೈನಿಕರಿಗೆ ಕಳುಹಿಸಿದ ಟಾಪ್ಸ್ ಕಾರ್ಡುಗಳ ಮೇಲೆ ಡೆಸರ್ಟ್ ಶೀಲ್ಡ್ ಎಂಬ ಚಿನ್ನದ ಮುದ್ರೆ ಇತ್ತು. 1992ರಲ್ಲಿ ಟಾಪ್ಸ್ ತನ್ನ 792 ಕಾರ್ಡುಗಳ ಸೆಟ್ಟಿಗೆ ಚಿನ್ನದ ಅಕ್ಷರಗಳ ಪ್ಯಾರಲಲ್ ಹೊರತಂದಿತು. 1993ರ ಟಾಪ್ಸ್ ಫೈನೆಸ್ಟ್‌ನಲ್ಲಿ 199 ಕಾರ್ಡುಗಳಿಗೆ ಕಾಮನಬಿಲ್ಲಿನಂತೆ ಹೊಳೆಯುವ ರಿಫ್ರ್ಯಾಕ್ಟರ್ ಬಂತು; ಒಂದೊಂದೂ ಸುಮಾರು 241 ಪ್ರತಿ ಮಾತ್ರ ಎಂಬ ಅಂದಾಜು ಆ ಹವ್ಯಾಸದಲ್ಲಿ ಗಾದೆಯಂತೆ ನಿಂತಿದೆ. 1997ರ ಹೊತ್ತಿಗೆ ಜಗತ್ತಿಗೆ ಒಂದೇ ಪ್ರತಿ ಎಂಬ ಕಾರ್ಡೂ ಪ್ಯಾಕಿನೊಳಗೆ ಬಂದುಬಿಟ್ಟಿತು.

ಈಗಿನ ಸ್ಥಿತಿಗೆ 2022ರ ಟಾಪ್ಸ್ ಸೀರೀಸ್ 1 ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೇಸ್ ಸೆಟ್, ಎಂದರೆ ಸಾಮಾನ್ಯ ಕಾರ್ಡುಗಳ ಸೆಟ್, 330 ಕಾರ್ಡು. ಅದೇ 330ಕ್ಕೆ ಚಿನ್ನದ ಪ್ಯಾರಲಲ್ 2,022 ಪ್ರತಿ, ಹಳೆಯ ಕಾಗದದ್ದು 99, ಅಮೆರಿಕದ ಸ್ವಾತಂತ್ರ್ಯದ ವರ್ಷವನ್ನು ನೆನಪಿಸುವಂತೆ 76, ತಾಯಂದಿರ ದಿನದ ಗುಲಾಬಿ 50, ತಂದೆಯರ ದಿನದ ನೀಲಿ 50, ಸೈನಿಕರ ಸಮವಸ್ತ್ರದ ಬಣ್ಣದ್ದು 25, ಕೊನೆಗೆ ಪ್ಲಾಟಿನಂ ಒಂದೇ ಒಂದು. ಇಷ್ಟು ಸಾಲದೆಂಬಂತೆ ಮುದ್ರಣದ ಪ್ಲೇಟುಗಳು ಬೇರೆ. ಗದಗ-ಬೆಟಗೇರಿಯ ಮುದ್ರಣಾಲಯಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಬಣ್ಣದ ಚಿತ್ರವೊಂದು ಅಚ್ಚಾಗಲು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು ಬೇಕು, ಕೆಲಸ ಮುಗಿದ ಮೇಲೆ ಅವು ಗುಜರಿಗೆ ಹೋಗುತ್ತವೆ. ಕಾರ್ಡು ಕಂಪನಿ ಆ ಪ್ಲೇಟನ್ನು ಕಾರ್ಡಿನ ಅಳತೆಗೆ ಕತ್ತರಿಸಿ ಪ್ಯಾಕಿನಲ್ಲಿ ಇಟ್ಟು ಮಾರುತ್ತದೆ. 330 ಕಾರ್ಡಿಗೆ 1,320 ಪ್ಲೇಟು, ಪ್ರತಿಯೊಂದೂ ಜಗತ್ತಿಗೆ ಒಂದೇ. ನಮ್ಮ ಗದಗಿನವರಿಗೆ ಈ ಬುದ್ಧಿ ಹೊಳೆಯಲಿಲ್ಲವಲ್ಲ ಎಂದು ನಾನು ಹಲವು ಸಲ ಅಂದುಕೊಂಡಿದ್ದೇನೆ.

ಹೀಗಿರುವಾಗ ಪ್ಯಾಕ್ ಒಡೆಯುವ ಮುನ್ನವೇ ಮಾಡಬೇಕಾದ ಕೆಲಸವೆಂದರೆ, ನಿಮ್ಮ ಸೆಟ್ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದಿಡುವುದು. ಕಂಪನಿ ಹೇಳಿದಲ್ಲಿಗೆ ಸೆಟ್ ಮುಗಿಯುತ್ತದೆ ಎಂದು ನಂಬಿದರೆ ಅದು ಎಂದಿಗೂ ಮುಗಿಯುವುದಿಲ್ಲ. ಎಲ್ಲ ಪ್ಯಾರಲಲ್ ಸೇರಿದ ಮಾಸ್ಟರ್ ಸೆಟ್ ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಒಂದೇ ಪ್ರತಿಯ 330 ಕಾರ್ಡುಗಳು ಅಷ್ಟೂ ಜನರ ಕಪಾಟುಗಳಲ್ಲಿ ಹಂಚಿಹೋಗಿರುವಾಗ ಅಂಥ ಸೆಟ್ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರಬಲ್ಲದು. ಐವತ್ತು ಪ್ರತಿಯ ಪ್ಯಾರಲಲ್ ಸೆಟ್ಟನ್ನು ಜಗತ್ತಿನಲ್ಲಿ ಹೆಚ್ಚೆಂದರೆ ಐವತ್ತು ಜನ ಪೂರೈಸಬಹುದು. ಒಬ್ಬ ಅಭಿಮಾನಿ ತನ್ನ ನೆಚ್ಚಿನ ಆಟಗಾರನ ಹತ್ತು ಪ್ರತಿಗಳನ್ನು ಹಿಡಿದಿಟ್ಟುಕೊಂಡ ಕ್ಷಣಕ್ಕೆ ಆ ಸಂಖ್ಯೆ ನಲವತ್ತೊಂದಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಂದು ಅವನ ಸ್ವಂತ ಸೆಟ್ಟಿಗೇ ಬಂದೀತು ಎಂದು ಉದಾರವಾಗಿ ಎಣಿಸಿ ಹೇಳಿದ ಲೆಕ್ಕ ಇದು.

ಅಂಚೆಚೀಟಿಯವರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ನಮ್ಮ ದೇಶದ ಐವತ್ತರ ದಶಕದ ನಿತ್ಯಬಳಕೆಯ ಚೀಟಿಗಳಲ್ಲಿ ಚಿತ್ರ ಒಂದೇ ಇದ್ದರೂ ಕಾಗದದ ನೀರುಗುರುತು ಕೆಲವಕ್ಕೆ ನಕ್ಷತ್ರ, ಕೆಲವಕ್ಕೆ ಅಶೋಕ ಸ್ತಂಭ. ಗಿಬ್ಬನ್ಸ್ ಕೆಟಲಾಗು ಮುಖ್ಯ ಭೇದಗಳಿಗೆ ಸಂಖ್ಯೆ ಕೊಟ್ಟು, ಸಣ್ಣ ಭೇದಗಳನ್ನು ಅಕ್ಷರ ಸೇರಿಸಿ ಕೆಳಗೆ ಬರೆಯುತ್ತದೆ. ಸಂಖ್ಯೆಯವರೆಗೆ ಸಾಕೋ ಅಕ್ಷರದವರೆಗೂ ಬೇಕೋ ಎಂಬುದು ಸಂಗ್ರಾಹಕನಿಗೆ ಬಿಟ್ಟದ್ದು. ಕಾರ್ಡಿನಲ್ಲಿಯೂ ನೋಟ್‌ಬುಕ್ಕಿನಲ್ಲಿ ಹೀಗೆಯೇ ಬರೆಯಿರಿ: 57 ಎಂಬುದು ಬೇಸ್, 57-ಅ ಚಿನ್ನ, 57-ಆ ಗುಲಾಬಿ. ಸಂಖ್ಯೆಗಳ ಸಾಲು ತುಂಬಿದ ದಿನ ಸೆಟ್ ಮುಗಿಯಿತು. ಅಕ್ಷರಗಳು ಬಂದರೆ ಬರಲಿ.

ಇಲ್ಲಿ ನಾನೇ ಮಾಡಿಕೊಂಡ ಒಂದು ತಪ್ಪನ್ನು ಹೇಳಬೇಕು. ಮೊದಲ ಸೆಟ್ ತುಂಬಿಸುವಾಗ ಒಂದು ಸಂಖ್ಯೆಯ ಸಾಮಾನ್ಯ ಕಾರ್ಡು ಇಲ್ಲದಿದ್ದರೆ ಅದರ ಚಿನ್ನದ ಪ್ಯಾರಲಲ್ ಅನ್ನೇ ಆ ಜಾಗಕ್ಕೆ ಸೇರಿಸಿ ತುಂಬಿತು ಎಂದು ಗುರುತು ಹಾಕಿದ್ದೆ. ವರ್ಷದ ಮೇಲೆ ಅಂಥ ನಾಲ್ಕನ್ನು ಒಬ್ಬರಿಗೆ ವಿನಿಮಯಕ್ಕೆ ಕೊಟ್ಟೆ. ಪಟ್ಟಿಯಲ್ಲಿ ಗುರುತು ಇತ್ತು, ಪುಟದಲ್ಲಿ ಕಾರ್ಡು ಇರಲಿಲ್ಲ, ಪೂರ್ಣವೆಂದು ಹೇಳಿಕೊಂಡು ತಿರುಗುತ್ತಿದ್ದ ಸೆಟ್ಟಿನಲ್ಲಿ ನಾಲ್ಕು ಹಲ್ಲು ಉದುರಿದ್ದವು. ಪ್ಯಾರಲಲ್ ಬೇಸ್ ಕಾರ್ಡಿನ ಜಾಗ ತುಂಬಬಾರದು ಎಂಬ ನಿಯಮವನ್ನು ಅಂದಿನಿಂದ ಮುರಿದಿಲ್ಲ.

ಇನ್ನು ಖರ್ಚಿನ ಮಾತು. ಆ 2022ರ ಸೀರೀಸಿನ ಹಾಬಿ ಬಾಕ್ಸಿನಲ್ಲಿ (ಕಾರ್ಡಿನ ಅಂಗಡಿಗಳಿಗೆಂದು ಕಟ್ಟಿದ ಬಾಕ್ಸು) 24 ಪ್ಯಾಕು, ಪ್ಯಾಕಿಗೆ 14 ಕಾರ್ಡು, ಒಟ್ಟು 336. ಸೆಟ್ 330 ಇರುವುದರಿಂದ ಒಂದೇ ಬಾಕ್ಸಿನಲ್ಲಿ ಕೆಲಸ ಮುಗಿದೀತು ಎನಿಸುತ್ತದೆ. ಆದರೆ ಪ್ಯಾರಲಲ್ ಮತ್ತು ಇನ್ಸರ್ಟುಗಳು ಬೇಸ್ ಕಾರ್ಡಿನ ಜಾಗವನ್ನು ತಿಂದೇ ಬರುತ್ತವೆ. ಉಳಿದವು ಲಾಟರಿ ಎತ್ತಿದಂತೆ ಬರುತ್ತವೆ ಎಂದುಕೊಂಡರೆ, ಬರೀ ಪ್ಯಾಕ್ ಒಡೆದೇ 330ನ್ನೂ ತುಂಬಿಸಲು ಸರಾಸರಿ ಸುಮಾರು 2,100 ಬೇಸ್ ಕಾರ್ಡುಗಳು ಬೇಕು ಎಂದು ಸಂಭವನೀಯತೆಯ ಗಣಿತ ಹೇಳುತ್ತದೆ. ಅದರಲ್ಲಿ ಕೊನೆಯ ಹತ್ತು ಕಾರ್ಡಿಗಾಗಿಯೇ ಸುಮಾರು 970, ಕಟ್ಟಕಡೆಯ ಒಂದಕ್ಕೆ 330. ಒಂದೇ ಬಾಕ್ಸಿನೊಳಗೆ ಡಬಲ್ ಕಡಿಮೆ ಬರುವಂತೆ ಕಂಪನಿ ಜೋಡಿಸುವುದರಿಂದ ವಾಸ್ತವದ ಅಂಕಿ ಇದಕ್ಕಿಂತ ಇಳಿದೀತು. ಆದರೂ ಎರಡನೆಯ ಬಾಕ್ಸಿನ ಆಚೆಗೆ ಪ್ಯಾಕ್ ಒಡೆಯುವುದು ಸೆಟ್ ತುಂಬಿಸುವವನ ಕೆಲಸವಲ್ಲ, ಜೂಜಾಡುವವನ ಕೆಲಸ ಎಂದು ನನ್ನ ಅಭಿಪ್ರಾಯ. ಅಮೆರಿಕದಿಂದ ಅಂಚೆಯಲ್ಲಿ ತರಿಸಿದರೆ ಸಾಗಣೆಯ ವೆಚ್ಚ ಮತ್ತು ಸುಂಕ ಬೇರೆ ಸೇರುತ್ತವೆ. ಡಬಲ್ ಕಾರ್ಡಿಗೆ ಸುಂಕ ಕಟ್ಟುವಷ್ಟು ರೊಕ್ಕ ನಮ್ಮ ಕಡೆ ಯಾರ ಬಳಿಯೂ ಬಿದ್ದಿರುವುದಿಲ್ಲ.

ಹೊಸಬರು ಗಮನಿಸದ ಒಂದು ಲಾಭ ಇಲ್ಲಿಯೇ ಇದೆ. ಬಾಕ್ಸಿನ ಬೆಲೆಯನ್ನು ಮೇಲೆತ್ತಿರುವುದು ಬೇಸ್ ಕಾರ್ಡಲ್ಲ, ಅದರೊಳಗೆ ಬಂದೀತೆಂಬ ಅಪರೂಪದ ಕಾರ್ಡಿನ ಆಸೆ. 2009ರ ಬೌಮನ್ ಕ್ರೋಮ್‌ನ ಆಟಗಾರ ಮೈಕ್ ಟ್ರೌಟ್ ಸಹಿಯುಳ್ಳ, ಜಗತ್ತಿಗೆ ಒಂದೇ ಪ್ರತಿಯ ಪ್ಯಾರಲಲ್ ಆದ ಸೂಪರ್‌ಫ್ರ್ಯಾಕ್ಟರ್ 2020ರಲ್ಲಿ 39 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಪಾಲ್ ಸ್ಕೀನ್ಸ್‌ನ ಮೊದಲ ಪಂದ್ಯದ ಅಂಗಿಯ ಬಿಲ್ಲೆ ಸೇರಿಸಿದ ಒಂದೇ ಪ್ರತಿಯ ಕಾರ್ಡು ಹನ್ನೊಂದು ವರ್ಷದ ಹುಡುಗನ ಕೈಗೆ ಬಂದು, 2025ರಲ್ಲಿ 11 ಲಕ್ಷ ಡಾಲರಿಗೂ ಮೇಲೆ ಹೋಯಿತು. ಇಂಥದ್ದನ್ನು ಹುಡುಕುತ್ತ ವ್ಯಾಪಾರಿಗಳು ಬಾಕ್ಸುಗಳನ್ನು ರಾಶಿಗಟ್ಟಲೆ ಒಡೆಯುತ್ತಾರೆ, ಹೊಳೆಯುವುದನ್ನು ಆರಿಸಿಕೊಂಡು ಮಿಕ್ಕ ಬೇಸ್ ಕಾರ್ಡುಗಳನ್ನು ಜೋಡಿಸಿ ಅಗ್ಗದಲ್ಲಿ ಮಾರಿ ಜಾಗ ಖಾಲಿ ಮಾಡಿಕೊಳ್ಳುತ್ತಾರೆ. ಸಂತೆ ಎದ್ದ ಮೇಲೆ ಕಾಯಿಪಲ್ಲೆ ಕೊಳ್ಳುವವನ ಜಾಣತನ ಇಲ್ಲಿ ಬೇಕು. ಕೈಯಿಂದ ಜೋಡಿಸಿದ ಸೆಟ್ಟನ್ನು ಬಿಡುಗಡೆಯಾದ ಕೆಲವು ತಿಂಗಳ ನಂತರ ಕೊಂಡರೆ ಒಂದು ಬಾಕ್ಸಿನ ಬೆಲೆಗಿಂತ ಬಹಳ ಕಡಿಮೆಯಲ್ಲಿ ಸಿಗುವುದುಂಟು. ತುಂಬಿಸುವ ಆಟವೇ ಮುಖ್ಯವೆನ್ನುವವರು ಒಂದು ಬಾಕ್ಸ್ ಒಡೆದು, ಕೊರತೆಯ ಪಟ್ಟಿ ಮಾಡಿ, ಬಂದ ಪ್ಯಾರಲಲ್‌ಗಳನ್ನು ಕೊಟ್ಟು ಆ ಕೊರತೆಯನ್ನು ತೀರಿಸಿಕೊಳ್ಳಲಿ.

ಈ ವಿನಿಮಯಕ್ಕೆ ಸ್ವಲ್ಪ ಸಮಯದ ಪ್ರಜ್ಞೆ ಬೇಕು. ಹೊಸ ಸೀರೀಸ್ ಬಿಡುಗಡೆಯಾದ ಮೊದಲ ವಾರಗಳಲ್ಲಿ ಪ್ಯಾರಲಲ್‌ಗೆ ಬೇಡಿಕೆ ಹೆಚ್ಚು, ಸರಕು ಕಡಿಮೆ. ಕೊಡುವುದಿದ್ದರೆ ಆಗ ಕೊಡಿ. ಬೇಸ್ ಕಾರ್ಡನ್ನು ಮಾತ್ರ ತಡವಾಗಿ ಕೊಳ್ಳಿ. ನಿಮ್ಮ ಬಳಿ 25/50 ಎಂದು ಅಚ್ಚಾದ ಕಾರ್ಡು ಇದ್ದರೆ ಅದು ಐವತ್ತರಲ್ಲಿ ಇಪ್ಪತ್ತೈದನೆಯದು ಎಂದರ್ಥ. ಕೆಲವರು ಆಟಗಾರನ ಅಂಗಿಯ ಸಂಖ್ಯೆಗೆ ಹೊಂದುವ ಪ್ರತಿಗೆ ಹೆಚ್ಚು ಕೊಡುತ್ತಾರೆ, ಆದ್ದರಿಂದ ಕೊಡುವ ಮೊದಲು ಆ ಸಂಖ್ಯೆಯನ್ನು ನೋಡಿಕೊಳ್ಳುವುದು ಒಳಿತು. ಒಂದು ತಂಡವನ್ನೋ ಒಬ್ಬನೇ ಆಟಗಾರನನ್ನೋ ಸಂಗ್ರಹಿಸುವವರು ನಿಮ್ಮ ಉತ್ತಮ ಗಿರಾಕಿಗಳು, ಏಕೆಂದರೆ ಅವರಿಗೆ ಬೇಸ್ ಕಾರ್ಡಿನ ರಾಶಿ ಹೊರೆಯಾಗಿರುತ್ತದೆ, ಮತ್ತು ನಿಮಗೆ ಬೇಕಾದದ್ದು ಆ ರಾಶಿಯೇ.

ಇಷ್ಟೆಲ್ಲ ಹೇಳಿದರೂ ಒಂದಾದರೂ ಪ್ಯಾರಲಲ್ ಸೆಟ್ ತುಂಬಿಸಲೇಬೇಕು ಎಂಬ ಹಟ ಕೆಲವರಿಗೆ ಇರುತ್ತದೆ. ಅಂಥವರು ಎರಡು ಸಾವಿರದಷ್ಟು ಪ್ರತಿಯಿರುವ ಚಿನ್ನವನ್ನು ಆರಿಸಿಕೊಳ್ಳಲಿ, 99ಕ್ಕಿಂತ ಕೆಳಗಿನದಕ್ಕೆ ಕೈ ಹಾಕದಿರಲಿ. ಅದರಲ್ಲಿ ಎದುರಾಗುವ ಕಷ್ಟ ನಾವು ಊಹಿಸಿದ ಕಡೆಯಿಂದ ಬರುವುದಿಲ್ಲ. ತಾರಾ ಆಟಗಾರನ ಪ್ಯಾರಲಲ್ ದುಬಾರಿ, ಆದರೆ ಯಾವಾಗಲೂ ಎಲ್ಲೋ ಒಂದು ಮಾರಾಟಕ್ಕಿರುತ್ತದೆ. ಹೆಸರೇ ಕೇಳಿರದ ಬದಲಿ ಆಟಗಾರನ ಪ್ಯಾರಲಲ್‌ಗೆ ಬೆಲೆಯಿಲ್ಲ. ಬೆಲೆಯಿಲ್ಲದ್ದರಿಂದ ಅದನ್ನು ಮಾರಾಟಕ್ಕೆ ಹಾಕುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಯಾರದೋ ಮನೆಯ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಅದು ಬಿದ್ದಿರುತ್ತದೆ. ಆದ್ದರಿಂದ ಪ್ಯಾರಲಲ್ ಸೆಟ್ಟಿಗೆ ಅನಾಮಿಕರಿಂದಲೇ ಆರಂಭಿಸಿ, ಸಿಕ್ಕಾಗಲೆಲ್ಲ ಗಂಟಾಗಿ ಕೊಳ್ಳಿ, ತಾರೆಗಳನ್ನು ಕೊನೆಗಿಡಿ. ಹಳೆಯದಕ್ಕೆ ಹೋಗುವವರು ಚೆಕ್‌ಲಿಸ್ಟ್ ಅನ್ನು ಬೇರೆಯಾಗಿಯೇ ನೋಡಬೇಕು: 1992ರ ಟಾಪ್ಸ್ ಚಿನ್ನದ ಸೆಟ್ಟಿನಲ್ಲಿ ಸೂಚಿಪಟ್ಟಿಯ ಕಾರ್ಡುಗಳ ಜಾಗಕ್ಕೆ ಬೇರೆ ಆಟಗಾರರನ್ನು ಹಾಕಿದ್ದಾರೆ. ಡೆಸರ್ಟ್ ಶೀಲ್ಡ್‌ನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಸಾಮಾನ್ಯ 1991ರ ಕಾರ್ಡಿನ ಮೇಲೆ ನಕಲಿ ಮುದ್ರೆ ಒತ್ತಿ ಮಾರಿದ ಉದಾಹರಣೆಗಳು ಬಹಳ.

ಪ್ಯಾರಲಲ್ ಅಲ್ಲದೆಯೂ ಸೆಟ್ಟಿಗೆ ತೊಡಕಾಗುವವು ಬೇಕೆಂದೇ ಕಡಿಮೆ ಅಚ್ಚು ಹಾಕಿದ ಶಾರ್ಟ್ ಪ್ರಿಂಟ್‌ಗಳು. ಒಂದೇ ಸಂಖ್ಯೆಗೆ ಬೇರೆ ಫೋಟೋ ಹಾಕಿದ ಕಾರ್ಡು ಬಂದರೆ ಅದನ್ನು ಸೆಟ್ಟಿನ ಹೊರಗೆ ಇಡಿ. ಹಿಂಭಾಗದ ಕೆಳಗಡೆ ಸಣ್ಣ ಅಕ್ಷರದಲ್ಲಿರುವ ಕೋಡಿನ ಕೊನೆಯ ಅಂಕಿಗಳು ಸಾಮಾನ್ಯ ಕಾರ್ಡಿನದಕ್ಕಿಂತ ಬೇರೆಯಿರುವುದರಿಂದ ಭೂತಗನ್ನಡಿ ಹಿಡಿದರೆ ಗುರುತು ಸಿಗುತ್ತದೆ. ಟಾಪ್ಸ್ ಹೆರಿಟೇಜ್‌ನ ಕಥೆ ಬೇರೆ. ಹಳೆಯ ವರ್ಷಗಳ ವಿನ್ಯಾಸದಲ್ಲಿ ಟಾಪ್ಸ್ ಹೊರತರುವ ಆ ಸೆಟ್ಟಿನಲ್ಲಿ 401ರಿಂದ 500ರವರೆಗಿನ ಕಾರ್ಡುಗಳನ್ನೇ ಕಡಿಮೆ ಅಚ್ಚು ಹಾಕಿದ ವರ್ಷಗಳಿವೆ; ಅವಕ್ಕೆ ಬೇರೆ ರೂಪವಿಲ್ಲ, ಅವಿಲ್ಲದೆ ಸೆಟ್ ಇಲ್ಲ, ಬಿಡುವ ಹಾಗಿಲ್ಲ.

ಕೊನೆಗೆ ನಮ್ಮ ಹವಾಮಾನದ ಮಾತು. ಧಾರವಾಡದ ಆಷಾಢ-ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸಾಮಾನ್ಯ ಕಾಗದದ ಕಾರ್ಡು ಹೇಗೋ ತಡೆದುಕೊಳ್ಳುತ್ತದೆ, ಹೊಳಪಿನ ಹಾಳೆ ಅಂಟಿಸಿದ ಪ್ಯಾರಲಲ್ ತಡೆಯುವುದಿಲ್ಲ. ಕಾಗದದ ಬದಿ ತೇವ ಹೀರಿ ಹಿಗ್ಗುತ್ತದೆ, ಹೊಳಪಿನ ಬದಿ ಹಿಗ್ಗುವುದಿಲ್ಲ, ಕಾರ್ಡು ಹಪ್ಪಳದಂತೆ ಮುರುಟುತ್ತದೆ. ಬೇಸ್ ಸೆಟ್ಟನ್ನು ಒಂಬತ್ತು ಜೇಬಿನ, ಪಿವಿಸಿ ಇಲ್ಲದ ಪುಟಗಳಲ್ಲಿ ಹಾಕಿ ಫೈಲನ್ನು ನೆಟ್ಟಗೆ ನಿಲ್ಲಿಸಿ. ಪ್ಯಾರಲಲ್‌ಗಳನ್ನು ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ, ಆಮೇಲೆ ಗಟ್ಟಿ ಪ್ಲಾಸ್ಟಿಕ್ ಕವಚವಾದ ಟಾಪ್‌ಲೋಡರಿಗೆ ಸೇರಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿಡಿ. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಎರಡು ಪಟ್ಟಿ ಬರೆದು ಅಂಟಿಸಿ: ಇಟ್ಟುಕೊಳ್ಳುವವು, ಕೊಡುವವು. ನನ್ನ ಡಬ್ಬಿಯಲ್ಲಿ ಎರಡನೆಯ ಪಟ್ಟಿಯೇ ಉದ್ದವಿದೆ.