ಮುಂದಿನ ಹಡಗು ಯಾವತ್ತು? ಶಾಂತಸಾಗರದ ಹೊರದ್ವೀಪಗಳಲ್ಲಿ ಆರೋಗ್ಯ ಕಾಪಾಡಿಕೊಂಡ ನನ್ನ ಅನುಭವ

2023ರಲ್ಲಿ ಸಾಲೊಮನ್ ದ್ವೀಪಗಳ ಟೆಮೊಟು ಪ್ರಾಂತ್ಯಕ್ಕೆ ಸೇರಿದ ರೀಫ್ ದ್ವೀಪಗಳಲ್ಲಿ ನಾವು ನಾಲ್ವರು ಹೆಚ್ಚುಕಡಿಮೆ 50 ದಿನ ಸೌರವಿದ್ಯುತ್ ಫಲಕ ಮತ್ತು ಬ್ಯಾಟರಿಗಳ ದುರಸ್ತಿ ಕೆಲಸದಲ್ಲಿದ್ದೆವು. ಆ ಅವಧಿಯಲ್ಲಿ ಒಂದು ಅಪೆಂಡಿಕ್ಸ್, ಒಂದು ಮಲೇರಿಯಾ, ಲೆಕ್ಕ ಇಡದಷ್ಟು ಹವಳದ ಗೀರುಗಳು ಬಂದುಹೋದವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಯಾರೂ ಸಾಲ ಮಾಡಲಿಲ್ಲ. ಹೊರಡುವ ಮೊದಲು ಆರೋಗ್ಯ ಕಾಪಾಡಿಕೊಳ್ಳುವ ನನ್ನ ಪದ್ಧತಿಯನ್ನು ನೋಡಿ ನಕ್ಕವರಲ್ಲಿ ಇಬ್ಬರು ಈಗ ಅದರ ಪ್ರತಿಯನ್ನು ಕೇಳಿ ಪಡೆದಿದ್ದಾರೆ. ಇಂಥ ಗುತ್ತಿಗೆಗಳ ಮೇಲೆ ಹೋಗುವ ಇತರರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಲಸಿಕೆ, ಸೊಳ್ಳೆಪರದೆ, ಕುದಿಸಿದ ನೀರು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳ ಪಾಠ ಇಲ್ಲಿಲ್ಲ.

ನಾನು ಕುಂದಾಪುರದ ಕಡೆಯವನು, ಸಮುದ್ರದ ಬದಿಯಲ್ಲೇ ಬೆಳೆದವನು. 2014ರ ಮೊದಲ ಪ್ರವಾಸದಲ್ಲಿ ನನ್ನನ್ನು ಕೆಡಿಸಿದ್ದು ಆ ಜಂಬವೇ. ಸಾಲೊಮನ್‌ನದೇ ಮಕಿರಾ ದ್ವೀಪದ ಪೂರ್ವ ತುದಿಯಾಚೆ ಇರುವ ಸಾಂಟಾ ಆನಾದಲ್ಲಿ ದೋಣಿಯಿಂದ ಇಳಿಯುವಾಗ ಮೊಳಕಾಲಿನ ಕೆಳಗೆ ಹವಳ ತಾಗಿ, ಎರಡು ಅಂಗುಲದಷ್ಟು ಚರ್ಮ ತರಚಿತು. ನಮ್ಮ ಮರಳುದಂಡೆಯಲ್ಲಿ ಅಂಥ ಗಾಯಕ್ಕೆ ಉಪ್ಪುನೀರೇ ಔಷಧಿ ಎನ್ನುತ್ತಾರೆ; ನಾನೂ ಹಾಗೆಯೇ ಬಿಟ್ಟೆ. ಹವಳದ ಸಣ್ಣ ಚೂರುಗಳೂ ಲೋಳೆಯೂ ಗಾಯದೊಳಗೆ ಉಳಿಯುತ್ತವೆ, ಆ ಸೆಕೆಯಲ್ಲಿ ಗಾಯ ಒಣಗುವುದಿಲ್ಲ, ಮೇಲೆ ನೊಣಗಳು ಬೇರೆ. ಗಾಯವಾದದ್ದು ಬುಧವಾರ. ಶುಕ್ರವಾರ ವಿಮಾನ ಬಂದು ಹೋಯಿತು, ನಾನು ಕೆಲಸ ಮಾಡುತ್ತಲೇ ಇದ್ದೆ. ಭಾನುವಾರದ ಹೊತ್ತಿಗೆ ಕಾಲು ಬಾತು, ತೊಡೆಸಂದಿಯವರೆಗೆ ಕೆಂಪು ಗೆರೆ ಏರಿ, ಚಳಿಜ್ವರ ಹಿಡಿಯಿತು. ಮುಂದಿನ ವಿಮಾನಕ್ಕೆ ಐದು ದಿನ ಬಾಕಿ ಇತ್ತು. ಅಲ್ಲಿಯವರು ಓಬಿಎಂ ಎಂದು ಕರೆಯುವ ಔಟ್‌ಬೋರ್ಡ್ ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಬಂಗಾರದ ಬೆಲೆಯ ಪೆಟ್ರೋಲ್ ತುಂಬಿಸಿ, ಮಕಿರಾದ ಮುಖ್ಯ ಪಟ್ಟಣ ಕಿರಾಕಿರಾಕ್ಕೆ, ಅಲ್ಲಿಂದ ರಾಜಧಾನಿ ಹೊನಿಯಾರಾಕ್ಕೆ ಹೋಗಿ ಕೀವು ತೆಗೆಸಿಕೊಂಡೆ. ದೋಣಿ, ವಿಮಾನ, ವಸತಿ, ನಿಂತ ಕೆಲಸದ ಸಂಬಳ ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷ ರೂಪಾಯಿಯ ಹತ್ತಿರ ಹೋಯಿತು. ವಿಮೆಯವರು ಒಂದು ಕಾಸೂ ಕೊಡಲಿಲ್ಲ. ಸಾಗಾಟಕ್ಕೆ ಮುಂಚೆ ತಮ್ಮ ತುರ್ತು ಸಂಖ್ಯೆಗೆ ಕರೆ ಮಾಡಿ ಒಪ್ಪಿಗೆ ಪಡೆಯಬೇಕಿತ್ತು ಎಂಬುದು ಅವರ ವಾದ. ಸಾಂಟಾ ಆನಾದಲ್ಲಿ ಆಗ ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ ಎಂದರೂ ಅವರು ಕೇಳಲಿಲ್ಲ.

ಎರಡನೆಯ ಪೆಟ್ಟು 2016ರಲ್ಲಿ, ವನುವಾಟು ದೇಶದ ಮಲೆಕುಲಾ ದ್ವೀಪದಿಂದ ಬಂದ ಮೇಲೆ. ಮಲೇರಿಯಾ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ದಿನ ತಪ್ಪದೆ, ಊರಿಗೆ ಮರಳಿದ ಮೇಲೂ ನಾಲ್ಕು ವಾರ, ನಿಯಮದಂತೆ ನುಂಗಿದ್ದೆ. ಅದಾಗಿ ಎರಡು ತಿಂಗಳಿಗೆ ನಡುಕ ಶುರುವಾಯಿತು. ಊರಿನ ಒಂದು ಆಸ್ಪತ್ರೆಯಲ್ಲಿ ಒಂದು ವಾರ ವೈರಲ್ ಜ್ವರವೆಂದೇ ನೋಡಿಕೊಂಡರು. ನಾನೇ ಹಟ ಹಿಡಿದು ರಕ್ತಲೇಪನದ ಪರೀಕ್ಷೆ ಮಾಡಿಸಿದಾಗ ವೈವ್ಯಾಕ್ಸ್ ಜಾತಿಯ ಮಲೇರಿಯಾ ಸಿಕ್ಕಿತು. ಈ ಜಾತಿಯ ಪರೋಪಜೀವಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿರಬಲ್ಲದು. ಡಾಕ್ಸಿ ಅದನ್ನು ಮುಟ್ಟುವುದಿಲ್ಲ. ಅದನ್ನು ತೆಗೆಯುವುದು ಪ್ರಿಮಾಕ್ವಿನ್, ಅದಕ್ಕೆ ಮೊದಲು ಜಿ6ಪಿಡಿ ಎಂಬ ಕಿಣ್ವದ ರಕ್ತಪರೀಕ್ಷೆ ಆಗಲೇಬೇಕು, ಇಲ್ಲವಾದರೆ ಕೆಲವರಲ್ಲಿ ರಕ್ತಕಣಗಳೇ ಒಡೆಯುತ್ತವೆ. ಈಗ ನಾನು ಆ ಪರೀಕ್ಷೆಯ ವರದಿಯನ್ನು ಪಾಸ್‌ಪೋರ್ಟಿನೊಂದಿಗೇ ಇಟ್ಟುಕೊಂಡಿದ್ದೇನೆ. ಆಗ ಸಾವಿರ ರೂಪಾಯಿಯೊಳಗೆ ಆದ ಕೆಲಸ ಅದು.

ಮೂರನೆಯದು 2018ರಲ್ಲಿ ಕಿರಿಬಾಟಿಯ ಅಬಾಯಾಂಗ್ ದ್ವೀಪದಲ್ಲಿ. ಆ ದೇಶದ ಹೆಸರನ್ನು ಕಿರಿಬಾಸ್ ಎಂದು ಉಚ್ಚರಿಸಬೇಕು ಎಂಬುದನ್ನು ನಾನು ಕಲಿತದ್ದೂ ಅಲ್ಲಿಯೇ. ಅಲ್ಲಿ ಮಲೇರಿಯಾದ ಅನಾಫಿಲಿಸ್ ಸೊಳ್ಳೆಯೇ ಇಲ್ಲ. ಸಾಲೊಮನ್ ಮತ್ತು ವನುವಾಟುಗಳನ್ನು ದಾಟಿ ಪೂರ್ವಕ್ಕೆ ಹೋದರೆ, ಫಿಜಿ, ಟುವಾಲು, ಸಮೋವಾಗಳಲ್ಲೂ ಅದಿಲ್ಲ. ಅಲ್ಲಿ ಹೆದರಬೇಕಾದದ್ದು ಹಗಲು ಕಚ್ಚುವ ಸೊಳ್ಳೆ ತರುವ ಡೆಂಗಿಗೆ. ಆ ನೆಮ್ಮದಿಯಲ್ಲಿ ಹವಳದ ದಿಬ್ಬದ ಬಳಿ ಹಿಡಿದ ದೊಡ್ಡ ಕೆಂಪು ಸ್ನ್ಯಾಪರ್ ಮೀನನ್ನು ಹೊಟ್ಟೆ ತುಂಬ ತಿಂದೆ. ರಾತ್ರಿ ವಾಂತಿಭೇದಿ, ಮರುದಿನ ತುಟಿ, ಬೆರಳುಗಳು ಜುಮುಗುಟ್ಟಿ, ತಣ್ಣೀರು ಮುಟ್ಟಿದರೆ ಸುಟ್ಟಂತಾಯಿತು. ಅದು ಸಿಗ್ವಟೆರಾ. ಹವಳದ ಮೇಲಿನ ಪಾಚಿಗೆ ಅಂಟಿಕೊಂಡ ಸೂಕ್ಷ್ಮಜೀವಿಯ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಸಾಂದ್ರವಾಗುತ್ತದೆ. ಹುರಿದರೂ, ಬೇಯಿಸಿದರೂ, ಮಂಜಿನಲ್ಲಿಟ್ಟರೂ ಅದು ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ ಎಂಬ ಮಾತನ್ನು ಕೇಳಿ, ಆಮೇಲೆ ನನ್ನ ಬೆಳ್ಳಿಯುಂಗುರವನ್ನು ಉಳಿದ ಅದೇ ಮೀನಿನ ತುಂಡಿನೊಳಗೆ ಎರಡು ಗಂಟೆ ಇಟ್ಟು ನೋಡಿದೆ. ಉಂಗುರ ಮೊದಲಿಗಿಂತ ಹೊಳೆಯುತ್ತಿತ್ತು. ಮತ್ತೆ ಆರು ತಿಂಗಳು ಮೀನು ಮುಟ್ಟಬಾರದೆಂದು ವೈದ್ಯರು ಹೇಳಿದರು. ಕುಂದಾಪುರದವನಿಗೆ ಇದು ಯಾವ ಶಿಕ್ಷೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ತೆರೆದ ಕಡಲಿನಲ್ಲಿ ಹಿಡಿದ ಕೇದರವನ್ನು (ಟ್ಯೂನಾ ಮೀನು) ಮಾತ್ರ, ಅದೂ ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿಟ್ಟಿದ್ದರೆ ಮಾತ್ರ, ತಿನ್ನುತ್ತೇನೆ. ಬಿಸಿಲಿನಲ್ಲಿ ಬಿದ್ದಿದ್ದ ಕೇದರ ಬೇರೆಯದೇ ವಿಷವಾಗುತ್ತದೆ, ಮೈಯೆಲ್ಲ ಕೆಂಪೇರುತ್ತದೆ.

ಈ ಮೂರು ಪೆಟ್ಟುಗಳನ್ನು ಕುಂದಾಪುರದ ಒಬ್ಬ ವೈದ್ಯರ ಮುಂದೆ ಕುಳಿತು ಒಂದೊಂದಾಗಿ ಬಿಡಿಸಿದಾಗ ಮೊದಲನೆಯದರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಶುಕ್ರವಾರ ವಿಮಾನ ಹೋಗುವಾಗ ನನ್ನ ಗಾಯ ನಿಜವಾಗಿಯೂ ಸಣ್ಣದಿತ್ತು. ಊರಿನಲ್ಲಾಗಿದ್ದರೆ ಯಾವ ವೈದ್ಯರೂ ನನ್ನನ್ನು ದಾಖಲಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನ ಕೇಳಬೇಕಿದ್ದ ಪ್ರಶ್ನೆ, ಈ ಗಾಯ ಇನ್ನೊಂದು ವಾರ ಕೆಟ್ಟದಾಗುತ್ತ ಹೋದರೆ ಮುಂದಿನ ವಿಮಾನದ ದಿನ ಹೇಗಿರುತ್ತದೆ ಎಂಬುದಾಗಿತ್ತು. ಅಲ್ಲಿಂದ ಮುಂದೆ ನಾನು ಜ್ವರವನ್ನೂ ಗಾಯವನ್ನೂ ಹೊಟ್ಟೆನೋವನ್ನೂ ಸಾಗಾಟದ ದಿನಗಳ ಜೊತೆಗಿಟ್ಟು ಅಳೆಯುತ್ತೇನೆ. ದ್ವೀಪದಲ್ಲಿ ಇಳಿದ ಮೊದಲ ದಿನವೇ ಹಡಗು, ವಿಮಾನಗಳ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತೇನೆ. ಈಗ ಹೊರಡಲಿರುವ ಹಡಗನ್ನೋ ವಿಮಾನವನ್ನೋ ಬಿಟ್ಟರೆ ಅದರ ನಂತರದ್ದು ಮೂರು ದಿನದೊಳಗಿದ್ದರೆ ಕಾಯಬಹುದು. ಹತ್ತು ದಿನಕ್ಕಿಂತ ದೂರವಿದ್ದರೆ, ಕಾರಣ ತಿಳಿಯದ ಯಾವ ತೊಂದರೆಯಿದ್ದರೂ ಇರುವ ಹಡಗನ್ನೇ ಹತ್ತಬೇಕು. ನಡುವಿನ ದಿನಗಳಿಗೆ ವೈದ್ಯರೂ ನಾನೂ ಸೇರಿ ಒಂದು ಪಟ್ಟಿ ಮಾಡಿದ್ದೇವೆ. ಅದನ್ನು ಇಲ್ಲಿ ಕೊಡುವುದಿಲ್ಲ, ಏಕೆಂದರೆ ಅದು ನನ್ನ ದೇಹಕ್ಕೂ ನನ್ನ ಕಾಯಿಲೆಗಳ ಇತಿಹಾಸಕ್ಕೂ ಹೊಂದಿಸಿದ್ದು. ನಿಮ್ಮ ವೈದ್ಯರೊಡನೆ ಕುಳಿತು ನಿಮ್ಮದನ್ನು ಮಾಡಿಕೊಳ್ಳಿ.

ಆ ವೈದ್ಯರೊಡನೆ ಸಂಪರ್ಕಕ್ಕೆ ಉಪಗ್ರಹದ ಸಂದೇಶಯಂತ್ರ ಇಟ್ಟುಕೊಂಡಿದ್ದೇನೆ. ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ ಇರುವುದರಿಂದ ಲಕ್ಷಣಗಳಿಗೆಲ್ಲ ಅಂಕಿ ಕೊಟ್ಟಿದ್ದೇವೆ. ಸಾಲೊಮನ್ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ವೈದ್ಯರ ಬೆಳಗಿನ ಏಳು ಗಂಟೆ ನನಗೆ ಮಧ್ಯಾಹ್ನ ಹನ್ನೆರಡೂವರೆ. ಆ ಹೊತ್ತಿಗೆ ಯಂತ್ರ ಹಿಡಿದು ತೆಂಗಿನ ಮರಗಳ ನೆರಳು ಬಿಟ್ಟು ಬಯಲಿಗೆ ಬರುವುದು ನಿತ್ಯದ ಕೆಲಸ. ವಿಮೆಯವರ ತುರ್ತು ಸಂಖ್ಯೆಗೂ ಇದೇ ಯಂತ್ರದಿಂದ ಸಂದೇಶ ಮುಟ್ಟುತ್ತದೆಯೇ ಎಂದು ಪಾಲಿಸಿ ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಉತ್ತರ ಪಡೆದಿದ್ದೇನೆ.

ಔಷಧಿಯ ಪೆಟ್ಟಿಗೆಯ ವಿಷಯಕ್ಕೆ ಬಂದರೆ, 2023ರಲ್ಲಿ ಅದಕ್ಕೆ ಹನ್ನೊಂದು ಸಾವಿರದಷ್ಟು ಖರ್ಚಾಯಿತು. ವಿಮಾನ ನಿಲ್ದಾಣದಲ್ಲಿ ಅದನ್ನು ತೂಕಕ್ಕಿಟ್ಟಾಗ ನಮ್ಮ ನಾಲ್ವರಲ್ಲಿ ಒಬ್ಬರಾದ ಭಟ್ಕಳದವರು, “ಎಂತ ಮಾರಾಯ್ರೆ, ಇಡೀ ಆಸ್ಪತ್ರೆಯನ್ನೇ ಹೊತ್ತುಕೊಂಡು ಬಂದಿದ್ದೀರಲ್ಲ!” ಎಂದು ನಕ್ಕಿದ್ದರು. ಅದರಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಇಪ್ಪತ್ತು ರೂಪಾಯಿಯ ಮೃದುವಾದ ಹಲ್ಲುಜ್ಜುವ ಬ್ರಷ್. ಹವಳದ ಗೀರು ಎಷ್ಟೇ ಸಣ್ಣದಿರಲಿ, ಕುದಿಸಿ ಆರಿಸಿದ ನೀರು ಮತ್ತು ಸಾಬೂನಿನಿಂದ ಐದು ನಿಮಿಷ ಆ ಬ್ರಷ್ಷಿನಿಂದ ಉಜ್ಜಬೇಕು. ಕಣ್ಣೀರು ಬರುತ್ತದೆ, ಬರಲಿ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ಮುಚ್ಚಬೇಕು. ಬೆಳಿಗ್ಗೆ ಮತ್ತು ಸಂಜೆ ನಾಲ್ವರೂ ಸಾಲಾಗಿ ಕುಳಿತು ತಲೆದೀಪದ ಬೆಳಕಿನಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ನೋಡುತ್ತಿದ್ದೆವು. ಊರಿನ ಮಕ್ಕಳು ಅದನ್ನು ನೋಡಲೆಂದೇ ಬರುತ್ತಿದ್ದರು. ಆ ಮಕ್ಕಳ ಕಾಲಿನ ಮೇಲಿನ ಹುಣ್ಣುಗಳಲ್ಲಿ ಯಾಸ್ ಎಂಬ ರೋಗದವೂ ಇರಬಹುದು, ಮುಟ್ಟಿದ ಮೇಲೆ ಕೈ ತೊಳೆಯಿರಿ ಎಂದು ನರ್ಸ್ ಎಚ್ಚರಿಸಿದ್ದರು.

ಮಲೇರಿಯಾದ ಕ್ಷಿಪ್ರಪರೀಕ್ಷೆಯ ಪಟ್ಟಿಗಳಲ್ಲಿ ಒಂದು ತಪ್ಪು ಮಾಡಿದ್ದೆ. ಮೊದಲ ಸಲ ಒಯ್ದ ಹತ್ತು ಪಟ್ಟಿಗಳನ್ನು ತಗಡಿನ ಉಪಕರಣಪೆಟ್ಟಿಗೆಯಲ್ಲಿಟ್ಟು ಬಿಸಿಲಿಗೆ ಬಿಟ್ಟಿದ್ದರಿಂದ ಎಲ್ಲ ಹಾಳಾಗಿ, ನಿಯಂತ್ರಣದ ಗೆರೆಯೂ ಮೂಡಲಿಲ್ಲ. ಈಗ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಇನ್ನೊಂದು ಎಚ್ಚರಿಕೆ: ಫಾಲ್ಸಿಪಾರಂ ಜಾತಿಯ ಮಲೇರಿಯಾಕ್ಕೆ ಚಿಕಿತ್ಸೆ ಮುಗಿದು ಗುಣವಾದ ಮೇಲೂ ಪಟ್ಟಿ ಕೆಲವು ವಾರ ಪಾಸಿಟಿವ್ ತೋರಿಸುತ್ತಲೇ ಇರುತ್ತದೆ. ನಮ್ಮಲ್ಲಿ ಒಬ್ಬರು ಹದಿನೈದು ದಿನದ ಮೇಲೆ ಕುತೂಹಲಕ್ಕೆ ಮತ್ತೆ ಪರೀಕ್ಷಿಸಿಕೊಂಡು ಒಂದು ರಾತ್ರಿ ನಿದ್ದೆಗೆಟ್ಟರು. ಅವರಿಗೆ ಅಲ್ಲಿನ ನರ್ಸ್ ಕೊಟ್ಟದ್ದು ಆರ್ಟೆಮೀಥರ್-ಲ್ಯೂಮೆಫ್ಯಾಂಟ್ರಿನ್ ಮಾತ್ರೆ. ಕೊಬ್ಬಿನ ಆಹಾರದ ಜೊತೆ ನುಂಗಿದರೆ ಮಾತ್ರ ಅದು ಸರಿಯಾಗಿ ಹೀರಿಕೆಯಾಗುತ್ತದೆ. ಪ್ರತಿ ಹೊತ್ತೂ ತೆಂಗಿನಹಾಲಿನಲ್ಲಿ ಬೇಯಿಸಿದ ಗೆಣಸನ್ನು ತಿನ್ನಿಸಿದೆವು.

ಟೆಮೊಟುವಿನ ಅನಾಫಿಲಿಸ್ ಫರೌಟಿ ಸೊಳ್ಳೆ ಸಂಜೆಯ ಹೊತ್ತಿಗೇ, ಅದೂ ಮನೆಯ ಹೊರಗೆ ಕಚ್ಚುತ್ತದೆ. ನಾವು ಪರದೆಯೊಳಗೆ ಸೇರುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಆದ್ದರಿಂದ ಐದೂವರೆಗೆ ಉದ್ದ ಪ್ಯಾಂಟು, ಕಾಲುಚೀಲ, ಪೂರ್ಣ ತೋಳಿನ ಅಂಗಿ ಕಡ್ಡಾಯ. ತೆಂಗಿನ ಸಿಪ್ಪೆಯ ಹೊಗೆ ಸಾಕಾಗುತ್ತದೆಯೇ ಎಂದು ನೋಡಲು ಒಂದು ವಾರ ಎಡಗಾಲಿಗೆ ಮಾತ್ರ ಸೊಳ್ಳೆನಿವಾರಕ ಹಚ್ಚಿ, ಬಲಗಾಲನ್ನು ಹೊಗೆಗೆ ಬಿಟ್ಟು ಕಡಿತಗಳನ್ನು ಎಣಿಸಿದೆ. ಹೊಗೆಯ ಕಾಲಿನಲ್ಲಿ ಮೂರು ಪಟ್ಟಾದರೂ ಹೆಚ್ಚು ಕಡಿತವಿತ್ತು. ಡಾಕ್ಸಿ ನುಂಗುತ್ತಿದ್ದರೂ ಇದು ಬುದ್ಧಿವಂತಿಕೆಯ ಪ್ರಯೋಗವಲ್ಲ ಎಂದು ವೈದ್ಯರು ಬೈದರು.

ಸಾಲೊಮನ್‌ನವರು ಆಡುವ ಪಿಜಿನ್ ಭಾಷೆಯಲ್ಲಿ ಭೇದಿಗೆ ‘ಬೆಲೆ ರನ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಏರುವ ಬೆಲೆಯಂತೆ ಕೇಳುತ್ತದೆ. ಓಆರ್‌ಎಸ್ ಪೊಟ್ಟಣಗಳನ್ನು ಊರಿನಿಂದಲೇ ಮೂವತ್ತು ಒಯ್ಯಿರಿ. ಎಳನೀರೊಂದೇ ಸಾಲದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ತೀರ ಕಡಿಮೆ. ಪೊಟ್ಟಣ ಮುಗಿದಾಗ ಒಂದು ಲೀಟರ್ ಕುದಿಸಿದ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕುಡಿದೆವು.

ಪದ್ಧತಿಯ ಅತಿ ಮುಖ್ಯ ಭಾಗವೆಂದರೆ ಮೊದಲ ದಿನ ನರ್ಸನ್ನು ಕಾಣುವುದು. ಇಂಥ ಹೊರದ್ವೀಪಗಳಲ್ಲಿ ಹೆಚ್ಚಾಗಿ ವೈದ್ಯರಿರುವುದಿಲ್ಲ, ನರ್ಸೇ ಎಲ್ಲ. ರೇಡಿಯೊ ಕೆಲಸ ಮಾಡುತ್ತಿದೆಯೇ, ಯಾವ ಔಷಧಿ ಖಾಲಿಯಾಗಿದೆ, ಯಾರ ದೋಣಿಯ ಎಂಜಿನ್ ಗಟ್ಟಿಯಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ನಾನು ಬರಿಗೈಯಲ್ಲಿ ಹೋಗುವುದಿಲ್ಲ. ಚಿಕಿತ್ಸಾಲಯದ ದೀಪ, ಬ್ಯಾಟರಿಗಳನ್ನು ಮೊದಲು ಸರಿಪಡಿಸಿ ಕೊಡುತ್ತೇನೆ. ಅಲ್ಲಿಂದ ಮುಂದೆ ನಮ್ಮ ನಾಲ್ವರ ಹೆಸರು ಅವರ ಪುಸ್ತಕದಲ್ಲಿರುತ್ತದೆ.

ಇನ್ನು ಆ ಅಪೆಂಡಿಕ್ಸ್. ಮೂವತ್ತನೆಯ ದಿನವೋ ಅದರ ಮರುದಿನವೋ, ಭಟ್ಕಳದವರಿಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಜ್ವರ ನೂರರ ಒಳಗೆ, ಮಲೇರಿಯಾ ಪಟ್ಟಿ ಎರಡು ಸಲವೂ ನೆಗೆಟಿವ್. ಗ್ಯಾಸ್ಟ್ರಿಕ್ ಎಂದು ಅವರೇ ಹೇಳಿದರು, ಉಳಿದವರೂ ಹೌದೆಂದರು. ಆದರೆ ಹಡಗು ಮರುದಿನ ನಸುಕಿಗಿತ್ತು, ಅದರ ನಂತರದ್ದು ಮೂರು ವಾರಕ್ಕೆ. ನಾನು ಅಂಕಿಗಳ ಸಂದೇಶ ಕಳಿಸಿದೆ. ಹನ್ನೆರಡೂವರೆಗೆ ‘ಹತ್ತಿಸಿ’ ಎಂಬ ಒಂದೇ ಪದ ಬಂತು. ನಮ್ಮ ಗುತ್ತಿಗೆಯ ಮುಖ್ಯಸ್ಥರು ಕೆಲಸ ಹಾಳಾಗುತ್ತದೆ ಎಂದು ಸಿಡಿಮಿಡಿಗೊಂಡರು, ಭಟ್ಕಳದವರಂತೂ ನನ್ನೊಡನೆ ಮಾತು ಬಿಟ್ಟರು. ಹಡಗಿನಲ್ಲಿರುವಾಗಲೇ ನೋವು ಬಲಕ್ಕೆ ಇಳಿಯಿತಂತೆ. ಪ್ರಾಂತ್ಯದ ರಾಜಧಾನಿ ಲಾಟಾದ ಆಸ್ಪತ್ರೆಯಲ್ಲಿ ಪರೀಕ್ಷಿಸಿ, ವಿಮಾನದಲ್ಲಿ ಹೊನಿಯಾರಾಕ್ಕೆ ಕಳಿಸಿದರು. ಊರವರು ‘ನಂಬರ್ ನೈನ್’ ಎಂದು ಕರೆಯುವ ರಾಷ್ಟ್ರೀಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತುಂಬಿದ್ದ ಆ ಸಣ್ಣ ವಿಮಾನದಲ್ಲಿ ಆಸನ ಹೇಗೆ ಸಿಕ್ಕಿತೆಂಬುದನ್ನು ಇಲ್ಲಿ ಬರೆದರೆ ಮುಂದಿನ ಸಲ ನನಗೇ ಸಿಗಲಿಕ್ಕಿಲ್ಲ. ಒಟ್ಟು ಖರ್ಚು ಎಪ್ಪತ್ತು ಸಾವಿರ ದಾಟಲಿಲ್ಲ, ಮೊದಲೇ ಸಂದೇಶ ಹೋಗಿದ್ದರಿಂದ ವಿಮೆ ಅದರಲ್ಲಿ ಬಹುಪಾಲನ್ನು ಕೊಟ್ಟಿತು.

ಹನ್ನೆರಡು ದಿನದ ನಂತರ ಅವರಿಂದ ಸಂದೇಶ ಬಂತು. ಹೊಲಿಗೆ ಬಿಚ್ಚಿದ ಸುದ್ದಿಯ ಕೆಳಗೆ, ಮುಂದಿನ ಗುತ್ತಿಗೆಗೆ ಹೊರಡುವಾಗ ತಮ್ಮ ಹೆಸರಿನಲ್ಲೂ ಒಂದು ಬ್ರಷ್ ಕೊಂಡಿಡಬೇಕೆಂದು ಬರೆದಿದ್ದರು.