ಆಲ್ಬಂ ಕವರ್ ಕಿತ್ತೆ, ಹಾಡು ಒತ್ತಿದ ತಕ್ಷಣ ಶುರು: ನನ್ನ ಅನುಭವ

ನನ್ನ ಲೈಬ್ರರಿಯಲ್ಲಿ ಸುಮಾರು 40 ಸಾವಿರ ಹಾಡುಗಳಿವೆ, ಬಹುಪಾಲು ಫ್ಲಾಕ್, ಅಂದರೆ ಗುಣಮಟ್ಟ ಕಳೆಯದೆ ಕಂಪ್ರೆಸ್ ಮಾಡಿದ ಫೈಲ್. ನ್ಯಾಸ್‌ನಲ್ಲಿ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಹಾಡು ಹಂಚುವ ಯುಪಿಎನ್‌ಪಿ ಸರ್ವರ್, ಹಾಲ್‌ನಲ್ಲಿ ಪ್ಲೇಯರ್ ಆಗಿ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್, ಅದಕ್ಕೊಂದು ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆ). ನಡುವೆ ವೈಫೈ, ಯಾಕಂದ್ರೆ ಕೇಬಲ್ ಎಳೆಯಲು ದಾರಿ ಇಲ್ಲ. ತೊಂದರೆ ಇಷ್ಟೇ: ಕೆಲವು ಆಲ್ಬಂಗಳಲ್ಲಿ ಹಾಡು ಒತ್ತಿದರೆ ಐದಾರು ಸೆಕೆಂಡು ಸದ್ದೇ ಇಲ್ಲ. ಒಂದು ಹಾಡಿನಿಂದ ಮುಂದಿನದಕ್ಕೆ ಹೋಗುವಾಗಲೂ ಅದೇ ಕಥೆ. ಲೈವ್ ರೆಕಾರ್ಡಿಂಗ್‌ನಲ್ಲಿ ಚಪ್ಪಾಳೆ ಅರ್ಧಕ್ಕೇ ಕತ್ತರಿಸಿ ಹೋದರೆ ಹೇಗಿರುತ್ತೆ ಹೇಳಿ.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು. ರೂಟರ್ ಬದಲಿಸು. ಗೆಳೆಯನ ಮೆಶ್ ಸೆಟ್ (ಮನೆಯ ಹಲವು ಕಡೆ ಇಡುವ ವೈಫೈ ಪೆಟ್ಟಿಗೆಗಳು) ತಂದು ಹಾಕಿದೆ. ಐದು ಸೆಕೆಂಡು ಮೂರಕ್ಕೆ ಇಳಿಯಿತು, ಅಷ್ಟೆ. ಹೊಸ ಮೆಮೊರಿ ಕಾರ್ಡ್ ತಂದೆ. ಪೈಗೆ ದುಬಾರಿ ಪವರ್ ಸಪ್ಲೈ ತಂದೆ. ಆ ದುಡ್ಡಿಗೆ ಒಳ್ಳೆಯ ಹಾರ್ಡ್ ಡಿಸ್ಕೇ ಬರುತ್ತಿತ್ತು, ಫಲ ಮಾತ್ರ ಸೊನ್ನೆ.

ವೈಫೈ ಮೇಲೆ ನನಗೆ ಮೊದಲಿಂದಲೂ ಅನುಮಾನ ಕಡಿಮೆ. ಸಿಡಿಯಿಂದ ತೆಗೆದ ಫ್ಲಾಕ್‌ಗೆ ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಸಾಕು. 24 ಬಿಟ್, 192 ಕಿಲೋಹರ್ಟ್ಸ್ ಸ್ಟೀರಿಯೋಗೆ ಕಂಪ್ರೆಸ್ ಮಾಡದಿದ್ದರೂ 9 ಚಿಲ್ಲರೆ. ಮಜಾ ಏನಂದ್ರೆ, ಅಂಥ ನನ್ನ ಹೈರೆಸ್ (ಸಿಡಿಗಿಂತ ಹೆಚ್ಚು ವಿವರದ) ಆಲ್ಬಂಗಳು ತಕ್ಷಣ ಶುರುವಾಗುತ್ತಿದ್ದವು, ಸಾದಾ ಸಿಡಿ ಆಲ್ಬಂಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು.

ಸಿಕ್ಕಿಹಾಕಿಕೊಳ್ಳುವ ಒಂದು ಫೈಲ್ ತೆಗೆದು ನೋಡಿದೆ. ಮೂರು ನಿಮಿಷದ ಹಾಡು, 20 ಎಂಬಿ ಇರಬೇಕಾದದ್ದು 30ರ ಹತ್ತಿರ ಇತ್ತು. ಒಳಗೆ 3000 ಪಿಕ್ಸೆಲ್ ಅಗಲದ ಪಿಎನ್‌ಜಿ ಕವರ್, ಅದೇ 9 ಎಂಬಿ. ಫ್ಲಾಕ್‌ನಲ್ಲಿ ಚಿತ್ರ ಇರುವುದು ಆಡಿಯೋಗಿಂತ ಮುಂದೆ. ಸ್ಟ್ರೀಮ್ ಆಗಿ ಓದುವ ಪ್ಲೇಯರ್ ಅಷ್ಟನ್ನೂ ನುಂಗಿದ ಮೇಲೇ ಹಾಡಿಗೆ ಬರಬೇಕು. ಹಾಲ್‌ನ ಆ ಮೂಲೆಯಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 15 ಮೆಗಾಬಿಟ್ ಇರಬಹುದು. 9 ಎಂಬಿ ಅಂದರೆ 72 ಮೆಗಾಬಿಟ್, ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಐದು ಸೆಕೆಂಡು!

ಇದನ್ನು ಹೇಳಿದಾಗ ರೂಟರ್ ಬದಲಿಸು ಅಂದವರು ನಕ್ಕರು. ಚಿತ್ರದಿಂದ ಹಾಡು ನಿಲ್ಲುತ್ತಾ ಅಂತ.

ಫ್ಲಾಕ್‌ನ ಟ್ಯಾಗ್ ತಿದ್ದುವ ಮೆಟಾಫ್ಲಾಕ್ ಅನ್ನುವ ಟೂಲ್‌ನಲ್ಲಿ ಪಿಕ್ಚರ್ ಬ್ಲಾಕ್ (ಚಿತ್ರ ಇರುವ ಭಾಗ) ತೆಗೆಸಿದೆ. ಏನೂ ಬದಲಾಗಲಿಲ್ಲ. ಫೈಲ್ ಸೈಜ್ ಕೂಡ ಇಳಿಯಲಿಲ್ಲ. ಅದು ಚಿತ್ರ ತೆಗೆದ ಜಾಗಕ್ಕೆ ಅಷ್ಟೇ ಪ್ಯಾಡಿಂಗ್, ಅಂದರೆ ಖಾಲಿ ಜಾಗ, ತುಂಬುತ್ತದೆ, ಹಾಗೆ ಮಾಡಬೇಡ ಅಂತ ಬೇರೆ ಆಪ್ಷನ್ ಕೊಡಬೇಕು. ಹಳೆಯ ಪ್ಯಾಡಿಂಗನ್ನೂ ಕಿತ್ತು, ಮುಂದೆ ಟ್ಯಾಗ್ ತಿದ್ದಲು 8 ಕೆಬಿ ಮಾತ್ರ ಬಿಟ್ಟೆ. ಈ ಕೆಲಸ ಪ್ರತಿ ಫೈಲನ್ನೂ ಪೂರ್ತಿ ಮತ್ತೆ ಬರೆಯುತ್ತದೆ, ಹಾಗಾಗಿ ನ್ಯಾಸ್ ಒಳಗೇ ಓಡಿಸಿ. ವೈಫೈ ಮೇಲೆ ಮಾಡಿದರೆ ವಾರ ಹೋಗುತ್ತದೆ. ಫೈಲಿನ ದಿನಾಂಕ ಉಳಿಸುವ ಆಪ್ಷನ್ನೂ ಹಾಕಿ, ಇಲ್ಲವಾದರೆ 'ಹೊಸದಾಗಿ ಸೇರಿದ್ದು' ಪಟ್ಟಿಯಲ್ಲಿ ಇಡೀ ಲೈಬ್ರರಿ ಬಂದು ಕೂರುತ್ತದೆ. ಸದ್ದು ಕೆಡುತ್ತೆ ಅನ್ನುವವರಿಗೆ ಫೈಲಿನೊಳಗಿನ ಎಂಡಿ5, ಅಂದರೆ ಆಡಿಯೋದ ಬೆರಳಚ್ಚಿನಂಥ ಸಂಖ್ಯೆ, ತೋರಿಸಿದೆ. ಮೊದಲೂ ಆಮೇಲೂ ಅದೇ. ಬ್ಯಾಕಪ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ ಅಲ್ವಾ?

ಈಗ ಪ್ರತಿ ಫೋಲ್ಡರಿಗೆ 600 ಪಿಕ್ಸೆಲ್‌ನ ಒಂದು ಜೆಪಿಜಿ, 100 ಕೆಬಿ ಆಸುಪಾಸು. ಹಲವು ಕವರ್‌ಗಳಲ್ಲಿ ಒಳ್ಳೆಯದನ್ನು ತಾನೇ ಆರಿಸುವ ಸ್ಕ್ರಿಪ್ಟ್ ಬರೆದಿದ್ದೇನೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹಾಡು ಒತ್ತಿದ ಕೂಡಲೇ ಬರುತ್ತದೆ, ಅದೇ ಹಳೆಯ ರೂಟರ್‌ನಲ್ಲಿ. ಜಾಗವೂ 100 ಜಿಬಿ ಮೇಲೆ ಉಳಿಯಿತು. ಇಡೀ ರಾತ್ರಿ ಹಿಡಿಯುತ್ತಿದ್ದ ಲೈಬ್ರರಿಯ ಪೂರ್ತಿ ಸ್ಕ್ಯಾನ್ ಈಗ ಗಂಟೆಯೊಳಗೆ ಮುಗಿಯುತ್ತದೆ. ನಕ್ಕವರಲ್ಲಿ ಇಬ್ಬರು ಈಗ ಆ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಸ್ಕ್ಯಾನ್ ನೋಡುತ್ತಾ ಇನ್ನೊಂದು ಸಿಕ್ಕಿತು. 'ಕೊಳಲು' ಅನ್ನುವ ಫೋಲ್ಡರ್ ಎರಡು ಸಲ ಇತ್ತು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ನಿಂದ ಬಂದದ್ದರಲ್ಲಿ 'ಕೊ' ಅಕ್ಷರದ ಎತ್ವ, ಕೊಂಬಿನಿಳಿ ಎರಡೂ ಬೇರೆ ಬೇರೆ ಕೋಡ್ ಆಗಿದ್ದವು, ಇನ್ನೊಂದರಲ್ಲಿ ಎರಡಕ್ಕೂ ಸೇರಿ ಒಂದೇ ಕೋಡ್. ಕನ್ನಡದಲ್ಲಿ ಹೆಸರಿಟ್ಟವರು ಕಾನ್ವ್‌ಎಂವಿ ಅನ್ನುವ ಹೆಸರು ಬದಲಿಸುವ ಟೂಲ್‌ನಲ್ಲಿ ಎಲ್ಲವನ್ನೂ ಎನ್‌ಎಫ್‌ಸಿಗೆ, ಅಂದರೆ ಆ ಒಂದೇ ಕೋಡಿನ ರೂಪಕ್ಕೆ, ತಂದುಬಿಡಿ, ಸುಮ್ನೆ ತಲೆಕೆಡಿಸಿಕೊಳ್ಳಬೇಡಿ.

ಎಂಪಿ3ಗಳದ್ದೂ ಇದೇ ರೋಗ, ಹಾಡಿನ ವಿವರ ಇರುವ ಐಡಿ3 ಟ್ಯಾಗಿನ ಚಿತ್ರವೂ ಫೈಲಿನ ಮುಂದೆಯೇ ಇರುತ್ತದೆ. ನನ್ನ ಹತ್ತಿರ ಅಂಥವು ನಾಲ್ಕೈದು ಸಾವಿರ ಇರಬಹುದು. ಅವನ್ನಿನ್ನೂ ಮುಟ್ಟಿಲ್ಲ.